ಐದೂ ಹತ್ತರ ಬಸ್ಸು, ವಾಣಿಜ್ಯ ಸಂಘದ ನಗದು ಪುಸ್ತಕ

ಪ್ರಶ್ನೆ: ಮೇಡಂ, ನಾನು ಮಡಿಕೇರಿಯಲ್ಲಿ ಬಿಬಿಎ ಮೊದಲ ವರ್ಷದಲ್ಲಿದ್ದೇನೆ. ಊರು ನಾಪೋಕ್ಲಿನಿಂದಲೂ ಒಳಗೆ. ಬೆಳಿಗ್ಗೆ ಏಳೂ ಕಾಲಿಗೆ ಮನೆ ಬಿಟ್ಟರೆ ವಾಪಸ್ಸು ಬರುವುದು ಸಂಜೆ ಐದೂ ಹತ್ತರ ಬಸ್ಸಿಗೆ. ಅದು ತಪ್ಪಿದರೆ ನಮ್ಮ ಕಡೆಗೆ ಬೇರೆ ಬಸ್ಸಿಲ್ಲ. ಕಾಲೇಜು ಶುರುವಾದ ವಾರ ಸೀನಿಯರ್‌ಗಳು ತರಗತಿಗೆ ಬಂದು ವಾಣಿಜ್ಯ ಸಂಘ, ಎನ್ಎಸ್ಎಸ್, ಎನ್‌ಸಿಸಿ, ಕನ್ನಡ ಸಂಘ ಅಂತ ಹೆಸರು ಬರೆದುಕೊಂಡರು. ಪಿಯುಸಿವರೆಗೆ ಕನ್ನಡ ಮಾಧ್ಯಮ, ಪರಿಚಯದವರೂ ಇಲ್ಲ, ನಾನು ಕೈ ಎತ್ತಲಿಲ್ಲ. ಎರಡು ತಿಂಗಳಾಯಿತು. ಈಗ ನೋಡಿದರೆ ಎಲ್ಲರೂ ಏನೋ ಒಂದರಲ್ಲಿದ್ದಾರೆ. ಇದೆಲ್ಲ ಇಲ್ಲದಿದ್ದರೆ ಮುಂದೆ ಕೆಲಸ ಸಿಗಲ್ಲ ಅಂತ ಮೈಸೂರಿನಲ್ಲಿ ಓದುವ ಗೆಳತಿ ಹೆದರಿಸುತ್ತಾಳೆ. ಓದಿದರೆ ಸಾಕು ಅಂತಾರೆ ಅಪ್ಪ. ನಾಲ್ಕಕ್ಕೆ ತರಗತಿ ಮುಗಿದ ಮೇಲೆ ನಾನು ಬಸ್ ಸ್ಟ್ಯಾಂಡಿನಲ್ಲಿ ಕೂತು ಮೊಬೈಲು ನೋಡುತ್ತೇನೆ. ತಡವಾಯಿತಾ? ಯಾವುದಕ್ಕೆ ಸೇರಲಿ?
– ನಾಪೋಕ್ಲು ಕಡೆಯ ಹುಡುಗಿ

ಉತ್ತರ: ತಡ ಏನೂ ಆಗಿಲ್ಲ. ಮೂರು ವರ್ಷದ ಪದವಿ, ಆರು ಸೆಮಿಸ್ಟರು. ಒಂದರಲ್ಲಿ ಅರ್ಧ ಹೋಗಿದೆ, ಅಷ್ಟೆ. ಸೀನಿಯರ್‌ಗಳು ಹೆಸರು ಬರೆದುಕೊಂಡ ಆ ಹಾಳೆ ಇಷ್ಟೊತ್ತಿಗೆ ಎಲ್ಲಿರುತ್ತದೆ ಅಂತ ನನಗೆ ಗೊತ್ತು. ನಾನು ಇಪ್ಪತ್ತೊಂಬತ್ತು ವರ್ಷ ಕೊಡಗಿನ ಕಾಲೇಜುಗಳಲ್ಲಿ ಅಕೌಂಟ್ಸ್ ಪಾಠ ಮಾಡಿದವಳು, ಅದರಲ್ಲಿ ಹನ್ನೊಂದು ವರ್ಷ ವಾಣಿಜ್ಯ ಸಂಘದ ಸಂಚಾಲಕಿ. ಜುಲೈನಲ್ಲಿ ಅರವತ್ತು ಹೆಸರು ಬರುತ್ತವೆ. ಮಳೆ ಜೋರಾದ ಹಾಗೆ ನಲವತ್ತು. ದಸರಾ ರಜೆ ಮುಗಿಸಿ ಬಂದಾಗ ಹದಿನೈದು. ಫೆಬ್ರವರಿಯಲ್ಲಿ ಫೆಸ್ಟ್ ನಡೆಯುವ ದಿನ ಕುರ್ಚಿ ಹಾಕುವವರು ಆರು ಜನ. ಆ ಆರರಲ್ಲಿ ಕನಿಷ್ಠ ಇಬ್ಬರು ಜುಲೈನ ಪಟ್ಟಿಯಲ್ಲಿ ಇರುತ್ತಲೇ ಇರಲಿಲ್ಲ.

ಯಾವುದಕ್ಕೆ ಸೇರಲಿ ಅಂತ ಕೇಳಿದ್ದೀಯ. ಅದನ್ನು ಆಮೇಲೆ ನೋಡೋಣ. ಯಾವ ಕೆಲಸ ಕೊಡ್ತೀರಿ ಅಂತ ಕೇಳುವುದನ್ನು ಮೊದಲು ಕಲಿ.

2018ರ ಆಗಸ್ಟ್ ನಿನಗೆ ನೆನಪಿರಬಹುದು, ಆಗ ನೀನು ಪ್ರೈಮರಿಯಲ್ಲಿ ಇದ್ದಿರಬೇಕು. ಗುಡ್ಡ ಜರಿದು ಮಕ್ಕಂದೂರು, ಜೋಡುಪಾಲ ಕಡೆಯ ಜನ ಪರಿಹಾರ ಕೇಂದ್ರಗಳಲ್ಲಿದ್ದರು. ಒಂದು ಕೇಂದ್ರಕ್ಕೆ ನಾವು ನಾಲ್ಕು ಮಂದಿ ಉಪನ್ಯಾಸಕರು ಹುಡುಗರನ್ನು ಕರೆದುಕೊಂಡು ಹೋದೆವು. ಊರೂರುಗಳಿಂದ ಲಾರಿ ಬರುತ್ತಿತ್ತು. ಅಕ್ಕಿ, ಬ್ರೆಡ್ಡು, ಬಿಸ್ಕತ್ತು, ಕಂಬಳಿ, ಸೀರೆ. ಹರಿದ ಪ್ಯಾಂಟೂ ಇತ್ತು. ಕಳಿಸುವವರಿಗೆ ಪುಣ್ಯ ಬರಲಿ, ಆದರೆ ಹರಿದ ಪ್ಯಾಂಟು ಯಾಕೆ ಕಳಿಸಿದರು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಮೈಕ್ ಹಿಡಿದು ಹೆಸರು ಕೂಗುವುದಕ್ಕೆ, ಬಂದ ಗಣ್ಯರ ಜೊತೆ ಫೋಟೊಕ್ಕೆ ನಿಲ್ಲುವುದಕ್ಕೆ ಹುಡುಗರಿಗೆ ಬರವಿರಲಿಲ್ಲ. ಬಿ.ಕಾಂ. ಮೊದಲ ವರ್ಷದ ಹುಡುಗನೊಬ್ಬ ಮಾತ್ರ ಸಾಮಾನು ಇಟ್ಟ ಕೋಣೆಯಲ್ಲೇ ಉಳಿದ. ತರಗತಿಯಲ್ಲಿ ಅವನ ಬಾಯಿಂದ ನಾನು ಕೇಳಿದ್ದು ‘ಪ್ರೆಸೆಂಟ್ ಮೇಡಂ’ ಒಂದೇ.

ಎರಡನೇ ದಿನ ಹೋಗಿ ನೋಡಿದರೆ ಆ ಕೋಣೆಯ ಚಿತ್ರವೇ ಬದಲಾಗಿತ್ತು. ಅಲ್ಲಿವರೆಗೆ ಹೊಸ ಬ್ರೆಡ್ಡು ಬಂದ ಹಾಗೆ ಹಳೆಯದರ ಮೇಲೆ ಪೇರಿಸುತ್ತಿದ್ದರು. ಕೈಗೆ ಸಿಗುವುದು ಮೇಲಿನದು, ಅದನ್ನೇ ಹಂಚುತ್ತಿದ್ದರು, ಅಡಿಯಲ್ಲಿದ್ದದ್ದು ಆ ತೇವದಲ್ಲಿ ಬೂಸ್ಟು ಹಿಡಿಯುತ್ತಿತ್ತು. ಇವನು ಎಲ್ಲವನ್ನೂ ಕೆಳಗಿಳಿಸಿ, ಬಂದ ದಿನದ ಲೆಕ್ಕದಲ್ಲಿ ಸಾಲು ಮಾಡಿ, ಹಳೆಯದು ಬಾಗಿಲ ಹತ್ತಿರ, ಹೊಸದು ಗೋಡೆ ಪಕ್ಕ ಇಟ್ಟಿದ್ದ. ಒಂದು ಲಾಂಗ್ ನೋಟ್‌ಬುಕ್ಕಿನಲ್ಲಿ ಸ್ಕೇಲು ಇಲ್ಲದೆ ಬಿಸ್ಕತ್ತಿನ ರಟ್ಟಿನ ಅಂಚು ಹಿಡಿದು ಗೆರೆ ಎಳೆದಿದ್ದ: ಬಂದದ್ದು, ಕೊಟ್ಟದ್ದು, ಉಳಿದದ್ದು. ಕೊನೆಯ ಕಾಲಂನಲ್ಲಿ ಯಾರು ತಗೊಂಡರೋ ಅವರ ಸಹಿ. ಸಹಿ ಬರದ ಅಜ್ಜಿಯೊಬ್ಬರು ಹೆಬ್ಬೆಟ್ಟಿಗೆ ಶಾಯಿ ಇಲ್ಲದೆ ಕಣ್ಣಿನ ಕಾಡಿಗೆ ಹಚ್ಚಿ ಒತ್ತಿದ್ದರು. ಎಲ್ಲಿ ಕಲಿತೆ ಅಂತ ಕೇಳಿದೆ. ‘ಮಾವನ ಅಂಗಡಿ ಇದೆ ಮೇಡಂ’ ಅಂದ. ಮುಂದಿನ ವರ್ಷ ಕಾಸ್ಟ್ ಅಕೌಂಟಿಂಗ್‌ನಲ್ಲಿ ಫಿಫೊ ಪಾಠ ಬಂತು, ಮೊದಲು ಬಂದದ್ದು ಮೊದಲು ಹೊರಗೆ ಅನ್ನುವ ಲೆಕ್ಕ. ನಾನು ಬೋರ್ಡಿನ ಮೇಲೆ ಬರೆದು ಮುಗಿಸುವುದರೊಳಗೆ ಇಡೀ ತರಗತಿ ಹಿಂದಿನ ಬೆಂಚಿನ ಕಡೆ ತಿರುಗಿ ನಗುತ್ತಿತ್ತು. ಅವನ ಕಿವಿ ಕೆಂಪಾಗಿತ್ತು.

ಆ ಹುಡುಗ ಯಾವ ಹಾಳೆಯಲ್ಲೂ ಹೆಸರು ಬರೆಸಿರಲಿಲ್ಲ. ಆಮೇಲೆ ಮೂರು ವರ್ಷ ಅವನಿಲ್ಲದೆ ನಮ್ಮ ಸಂಘದ ಒಂದು ಕಾರ್ಯಕ್ರಮವೂ ಆಗಲಿಲ್ಲ.

ಈಗ ನಿನ್ನ ವಿಷಯ. ವಾಣಿಜ್ಯ ಸಂಘದಲ್ಲಿ ಪ್ರತಿ ವರ್ಷ ವೇದಿಕೆಗೆ ಜನ ಕಿತ್ತಾಡುತ್ತಾರೆ. ನಿರೂಪಣೆಗೆ ನಾಲ್ಕು ಜನ, ಸ್ವಾಗತ ನೃತ್ಯಕ್ಕೆ ಎಂಟು ಜನ, ‘ಬೆಸ್ಟ್ ಮ್ಯಾನೇಜರ್’ ಸ್ಪರ್ಧೆಗೆ ಹೆಸರು ಕೊಡಲು ಪೈಪೋಟಿ. ನಗದು ಪುಸ್ತಕ ಬರೆಯಲು ಯಾರೂ ಇಲ್ಲ. ಖಜಾಂಚಿ ಅಂತ ಒಬ್ಬ ಫೈನಲ್ ಇಯರ್ ಹುಡುಗ ಇರುತ್ತಾನೆ, ದುಡ್ಡು ಅವನ ಜೇಬಿನಲ್ಲಿ, ಲೆಕ್ಕ ಅವನ ತಲೆಯಲ್ಲಿ, ಚೀಟಿಗಳು ಅವನ ಬೈಕಿನ ಸೀಟಿನಡಿ. ನೀನು ಆ ಹುಡುಗನ ಕೈಕೆಳಗೆ ಹೋಗು. ಫ್ಲೆಕ್ಸಿನ ಬಿಲ್ಲು, ಮೈಕ್ ಸೆಟ್ಟಿನ ಬಾಡಿಗೆ, ಅತಿಥಿಗೆ ಶಾಲು-ಹಣ್ಣಿನ ಬುಟ್ಟಿ, ಟೀ-ಬನ್ನು, ಒಂದೊಂದಕ್ಕೂ ವೋಚರು ಬರೆದು ನಂಬರು ಹಾಕಿ ಫೈಲಿಗೆ ಚುಚ್ಚುವ ಕೆಲಸ ನಾಲ್ಕೂ ಕಾಲರಿಂದ ನಾಲ್ಕೂ ಮುಕ್ಕಾಲರೊಳಗೆ ಆರಾಮಾಗಿ ಮುಗಿಯುತ್ತದೆ. ಬಸ್ಸೂ ಸಿಗುತ್ತದೆ. ಅಲ್ಲದೆ ದುಡ್ಡು ಎಲ್ಲೆಲ್ಲಿ ಹೋಗುತ್ತದೆ ಅಂತ ಗೊತ್ತಿರುವವರನ್ನು ಕೇಳದೆ ಸಂಘದಲ್ಲಿ ಒಂದು ತೀರ್ಮಾನವೂ ಆಗುವುದಿಲ್ಲ. ಒಂದು ತಿಂಗಳಲ್ಲಿ ಅಧ್ಯಕ್ಷನೇ ನಿನ್ನ ಬೆಂಚಿಗೆ ಬಂದು ‘ಎಷ್ಟು ಉಳಿದಿದೆ?’ ಅಂತ ಕೇಳುತ್ತಾನೆ. ಪರಿಚಯ ಹೇಗೆ ಮಾಡಿಕೊಳ್ಳಲಿ ಅಂತ ತಲೆ ಕೆಡಿಸಿಕೊಂಡಿದ್ದೀಯಲ್ಲ, ಪರಿಚಯ ಹೀಗೇ ಆಗುವುದು.

ಲೆಕ್ಕ ಮೇಡಂ ತಾನೇ ಪಕ್ಕಾ ಇದ್ದಳಾ ಅಂತ ಕೇಳಬೇಡ. ಸಂಚಾಲಕಿಯಾದ ಮೊದಲ ವರ್ಷ ಫೆಸ್ಟ್ ಮುಗಿದಾಗ 640 ರೂಪಾಯಿ ಕಡಿಮೆ ಬಂತು. ಮೂರು ರಾತ್ರಿ ಕೂಡಿಸಿ ಕಳೆದು ನೋಡಿದೆ. ಕೊನೆಗೆ ನನ್ನ ಪರ್ಸಿನಿಂದ ಹಾಕಿ ಪುಸ್ತಕ ಮುಚ್ಚಿದೆ. ಜೂನ್‌ನಲ್ಲಿ ಛತ್ರಿ ಬಿಚ್ಚಿದಾಗ ಮಡಿಕೆಯೊಳಗಿಂದ ಜನರೇಟರ್ ಡೀಸೆಲ್ ಚೀಟಿ ಬಿತ್ತು. ಅವತ್ತಿನಿಂದ ಚೀಟಿ ಬಂದ ಕೈಯಲ್ಲೇ ನಂಬರು ಹಾಕುವುದು ಅಂತ ನಿಯಮ.

ಹೇಗೆ ಕೇಳುವುದು? ಸೀನಿಯರ್‌ಗಳ ಗುಂಪಿಗೆ ಹೋಗಿ ನಿಂತುಕೊಳ್ಳಬೇಡ, ನಿನ್ನ ಸ್ವಭಾವಕ್ಕೆ ಅದು ಆಗದು. ಸಂಘದ ಸಂಚಾಲಕರು ಯಾರು ಅಂತ ತಿಳಿದುಕೊಂಡು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಹೀಗೆ ಹೇಳು: ‘ಸರ್, ನಾನು ಐದೂ ಹತ್ತರ ಬಸ್ಸಿಗೆ ಹೋಗಲೇಬೇಕು. ಮಂಗಳವಾರ, ಗುರುವಾರ ತರಗತಿ ಮುಗಿದ ಮೇಲೆ ಅರ್ಧ ಗಂಟೆ ಇರ್ತೇನೆ. ಲೆಕ್ಕ ಬರೆಯೋ ಕೆಲಸ ಇದ್ದರೆ ಕೊಡಿ.’ ಇಷ್ಟೇ. ಬಸ್ಸಿನ ವಿಷಯ ಮೊದಲೇ ಹೇಳು. ಎಲ್ಲದಕ್ಕೂ ಆಗಲಿ ಅಂದು, ನಾಲ್ಕೂವರೆಗೆ ಕಾರ್ಯಕ್ರಮದ ನಡುವೆ ಬ್ಯಾಗು ಎತ್ತಿಕೊಂಡು ಓಡುವವರಿಂದ ನಾನು ಎಷ್ಟು ಸಂಕಟಪಟ್ಟಿದ್ದೇನೆ ಗೊತ್ತಾ? ಹೊತ್ತು ಇಷ್ಟೇ ಅಂತ ಮೊದಲೇ ಹೇಳಿದವರ ಮೇಲೆ ಯಾವ ಮೇಷ್ಟರಿಗೂ ಸಿಟ್ಟು ಬರುವುದಿಲ್ಲ.

ಆ ಬಸ್ಸನ್ನೇ ನೀನು ಸರಿಯಾಗಿ ನೋಡಿಲ್ಲ ಅಂತ ನನ್ನ ಅನುಮಾನ. ನಿನ್ನ ಕಾಲೇಜಿನವರು ಅದರಲ್ಲಿ ಎಷ್ಟು ಜನ ಇದ್ದಾರೆ, ಎಣಿಸಿದ್ದೀಯಾ? ನಾನು ಓದುವಾಗ ನಮ್ಮ ಬಸ್ಸಿನ ಕಿಟಕಿಗೆ ಗಾಜಿರಲಿಲ್ಲ, ಟಾರ್ಪಾಲು. ಮಳೆ ಬಂದರೆ ಇಳಿಬಿಡುವುದು, ಒಳಗೆಲ್ಲ ಕತ್ತಲೆ. ಆ ಕತ್ತಲೆಯಲ್ಲಿ ಪಕ್ಕ ಕೂತ ಸೀನಿಯರ್ ಅಕ್ಕ ಒಬ್ಬರು ಡೆಬಿಟ್ಟು, ಕ್ರೆಡಿಟ್ಟು ಬಾಯಲ್ಲೇ ಹೇಳಿಕೊಟ್ಟರು. ಹಳೆ ಪ್ರಶ್ನೆಪತ್ರಿಕೆ, ಯಾವ ಸ್ಪರ್ಧೆ ಯಾವಾಗ, ಯಾವ ಮೇಷ್ಟರ ಹತ್ತಿರ ಹೇಗೆ ಮಾತಾಡಬೇಕು, ಎಲ್ಲ ನನಗೆ ಸಿಕ್ಕಿದ್ದು ಬಸ್ಸಿನಲ್ಲೇ. ದಿನಕ್ಕೆ ಎರಡು ಹೊತ್ತು ಒಂದೇ ಸೀಟಿನಲ್ಲಿ ಕೂರುವವರಿಗಿಂತ ಹತ್ತಿರದ ಸಂಘ ಯಾವುದಿದೆ ಹೇಳು. (2023ರ ಜೂನ್‌ನಿಂದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ನಮ್ಮ ಒಳದಾರಿಗಳಲ್ಲಿ ಓಡುವುದು ಹೆಚ್ಚು ಖಾಸಗಿ ಬಸ್ಸು, ಅಲ್ಲಿ ದುಡ್ಡು ಕೊಡಲೇಬೇಕು. ನಿನ್ನ ಅಪ್ಪ ಆ ಲೆಕ್ಕ ಹಾಕಿಯೇ ಓದಿದರೆ ಸಾಕು ಅಂದಿರಬಹುದು.)

ಇನ್ನು ಎನ್ಎಸ್ಎಸ್. ಅದು ಗಾಂಧೀಜಿಯವರ ಜನ್ಮಶತಾಬ್ದಿ ವರ್ಷ, 1969ರ ಸೆಪ್ಟೆಂಬರ್ 24ರಂದು ಶುರುವಾಯಿತು. ವರ್ಷಕ್ಕೆ 120 ಗಂಟೆ ಕೆಲಸ, ಎರಡು ವರ್ಷಕ್ಕೆ 240, ಜೊತೆಗೆ 7 ದಿನದ ಶಿಬಿರ. ನಿನ್ನಂಥ ದೂರದವರಿಗೆ ಆ ಶಿಬಿರವೇ ವರ. ಏಳು ದಿನ ಒಂದು ಹಳ್ಳಿಯ ಶಾಲೆಯಲ್ಲಿ ಮಲಗಿ, ನಲವತ್ತು ಜನಕ್ಕೆ ಈರುಳ್ಳಿ ಹೆಚ್ಚಿ, ಚರಂಡಿ ಕೆರೆದು ಬಂದವರಿಗೆ ಆಮೇಲೆ ಸಂಕೋಚ ಅನ್ನುವುದೇ ಇರುವುದಿಲ್ಲ. ಬಸ್ಸಿನ ತಾಪತ್ರಯವೂ ಇಲ್ಲ. ಶಿಬಿರಾಧಿಕಾರಿಯನ್ನು ಅಪ್ಪನ ಜೊತೆ ಒಂದು ಸಲ ಮಾತಾಡಿಸು, ಹುಡುಗಿಯರಿಗೆ ಮಲಗಲು ಎಲ್ಲಿ ವ್ಯವಸ್ಥೆ, ಜೊತೆಗೆ ಮೇಡಂ ಯಾರು ಅಂತ ಅವರೇ ಕೇಳಿಕೊಳ್ಳಲಿ.

ಎನ್‌ಸಿಸಿಯ ‘ಸಿ’ ಸರ್ಟಿಫಿಕೇಟಿಗೆ ಮೂರು ವರ್ಷ ಬೇಕು, ಆದ್ದರಿಂದ ಸೇರುವುದಿದ್ದರೆ ಈಗಲೇ. ಪರೇಡು ಇಷ್ಟವಿದ್ದರೆ ಮಾತ್ರ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಜಿಲ್ಲೆ ಅನ್ನುವ ಒಂದೇ ಕಾರಣಕ್ಕೆ ಬೂಟು ಹಾಕಿಕೊಂಡು ಒಂದೇ ತಿಂಗಳಿಗೆ ಕಾಲು ನೋವು ಅಂತ ಬಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ.

ನಿನ್ನ ಗೆಳತಿ ಹೇಳಿದ್ದರಲ್ಲಿ ಅರ್ಧ ನಿಜ. ಒಂದು ಸಹಕಾರ ಸಂಘದವರು ಗುಮಾಸ್ತರ ಸಂದರ್ಶನಕ್ಕೆ ನನ್ನನ್ನು ಕೂರಿಸಿದ್ದರು. ಹುಡುಗನೊಬ್ಬ ಲ್ಯಾಮಿನೇಶನ್ ಮಾಡಿಸಿದ 23 ಸರ್ಟಿಫಿಕೇಟು ತಂದಿದ್ದ. ಈ ಫೆಸ್ಟಿನಲ್ಲಿ ಏನು ಮಾಡಿದಿರಿ ಅಂದೆ. ‘ಪಾರ್ಟಿಸಿಪೇಟ್ ಮಾಡಿದೆ.’ ಇದರಲ್ಲಿ? ‘ಪಾರ್ಟಿಸಿಪೇಟ್.’ ಆಮೇಲೆ ಬಂದವಳ ಹತ್ತಿರ ಒಂದೇ ಸರ್ಟಿಫಿಕೇಟು ಇತ್ತು. ಕಾಲೇಜು ವಾರ್ಷಿಕೋತ್ಸವದ ಊಟದ ಕೂಪನ್ ನೋಡಿಕೊಂಡಿದ್ದಳಂತೆ. 700 ಕೂಪನ್ ಅಚ್ಚಾಗಿದ್ದವು, ಊಟ ಮಾಡಿದವರು 730. ಹೇಗೆ ಅಂತ ಕೇಳಿದೆವು. ಜೆರಾಕ್ಸ್ ಮಾಡಿಸಿಕೊಂಡಿದ್ದರು ಅಂತಲೂ, ಮುಂದಿನ ವರ್ಷ ಸೀಲು ಒತ್ತಿಸಿ ಅದನ್ನು ಹೇಗೆ ತಡೆದೆ ಅಂತಲೂ ಹತ್ತು ನಿಮಿಷ ಹೇಳಿದಳು. ಮಂಡಳಿಯ ಹಿರಿಯರು ಟೀ ಆರಲು ಬಿಟ್ಟು ಕೇಳುತ್ತಿದ್ದರು. ಯಾರಿಗೆ ಕೆಲಸ ಸಿಕ್ಕಿತು ಅಂತ ನಿನಗೆ ಹೇಳಬೇಕಾಗಿಲ್ಲ.

ಕೊನೆಯದಾಗಿ, ಡಿಸೆಂಬರ್‌ನಿಂದ ಆಚೆಗೆ ಮಾತು ಕೊಡುವಾಗ ಹುಷಾರು. ಅರೇಬಿಕಾ ಕಾಫಿ ಕೊಯ್ಲು ಮುಗಿಯುವಷ್ಟರಲ್ಲಿ ರೋಬಸ್ಟಾ ಹಣ್ಣಾಗುತ್ತದೆ, ಕಾಲೇಜುಗಳ ಫೆಸ್ಟೂ ಆಗಲೇ. ಮನೆಯಲ್ಲಿ ಕೊಯ್ಲಿಗೆ ಆಳು ಸಿಗದೆ ಅಪ್ಪ ಒದ್ದಾಡುವಾಗ ನೀನು ಕಾಲೇಜಿನಲ್ಲಿ ಬಲೂನು ಊದುತ್ತಿದ್ದರೆ ‘ಓದಿದರೆ ಸಾಕು’ ಅನ್ನುವ ಮಾತು ಇನ್ನೂ ಗಟ್ಟಿಯಾಗುತ್ತದೆ. ಭಾನುವಾರ ಕಣದಲ್ಲಿ ಕಾಫಿ ಹರವು. ಹಾಜರಿ ಶೇಕಡಾ 75ಕ್ಕಿಂತ ಕೆಳಗೆ ಬರದಂತೆ ನೋಡಿಕೋ, ಇಂಟರ್ನಲ್ ಅಂಕ ಅಪ್ಪನಿಗೆ ತೋರಿಸು. ಅವರ ಬಾಯಿ ಅಷ್ಟಕ್ಕೇ ಮುಚ್ಚುತ್ತದೆ.

* * *

ಪ್ರಶ್ನೆ: ಹಾಸ್ಟೆಲಿನಲ್ಲಿ ಸೀನಿಯರ್‌ಗಳು ರಾತ್ರಿ ಕರೆದು ‘ಇಂಟ್ರೊ’ ಕೊಡು ಅಂತ ಹಾಡಿಸುತ್ತಾರೆ, ಬಾಗಿಸುತ್ತಾರೆ. ಇದಕ್ಕೆ ಹೊಂದಿಕೊಂಡರೇ ಮುಂದೆ ಫೆಸ್ಟ್ ತಂಡಕ್ಕೆ ಸೇರಿಸುತ್ತೇವೆ ಅನ್ನುತ್ತಾರೆ. ಹೊಂದಿಕೊಳ್ಳುವುದು ಒಳ್ಳೆಯದಾ?
– ಹೆಸರು ಬೇಡ, ವಿರಾಜಪೇಟೆ ತಾಲ್ಲೂಕು

ಉತ್ತರ: ಬೇಡ. ಇದು ರ‍್ಯಾಗಿಂಗ್, ಬೇರೆ ಹೆಸರಿಲ್ಲ. 2009ರ ಯುಜಿಸಿ ನಿಯಮದ ಪ್ರಕಾರ ಪ್ರತಿ ಕಾಲೇಜಿನಲ್ಲೂ ಇದಕ್ಕೊಂದು ಸಮಿತಿ ಇರಲೇಬೇಕು. ಪ್ರಾಂಶುಪಾಲರಿಗೆ ಬರವಣಿಗೆಯಲ್ಲಿ ಕೊಡು, ಬಾಯಿಮಾತಿನಲ್ಲಿ ಬೇಡ, ಕೊಟ್ಟದ್ದರ ಒಂದು ಪ್ರತಿ ನಿನ್ನ ಹತ್ತಿರ ಇರಲಿ. ಕಾಲೇಜಿನಲ್ಲಿ ಹೇಳಲು ಹೆದರಿಕೆಯಾದರೆ 1800-180-5522ಕ್ಕೆ ಫೋನ್ ಮಾಡು, ದಿನದ ಯಾವ ಹೊತ್ತಿನಲ್ಲಾದರೂ ಎತ್ತುತ್ತಾರೆ, ದುಡ್ಡು ಬೀಳುವುದಿಲ್ಲ. ಮನೆಯಲ್ಲಿ ಇವತ್ತೇ ಹೇಳು. ಹುಡುಗರನ್ನು ಬಾಗಿಸಿ ಆರಿಸುವ ತಂಡಕ್ಕೆ ನೀನು ಸೇರದಿದ್ದರೆ ನಷ್ಟ ನಿನಗಲ್ಲ.

* * *

ಪ್ರಶ್ನೆ: ಮೇಡಂ, ನಮ್ಮದು ಹನ್ನೆರಡು ಎಕರೆ ತೋಟ. ಮಗ ಬಿಬಿಎ ಮೊದಲ ವರ್ಷ. ಕಾಲೇಜು ಫೆಸ್ಟಿಗೆ ಸ್ಪಾನ್ಸರ್ ಅಂತ ಊರಿನ ಅಂಗಡಿ ಅಂಗಡಿಗೆ ಹೋಗಿ ದುಡ್ಡು ಕೇಳುತ್ತಿದ್ದಾನಂತೆ. ನನಗೆ ಗೊಬ್ಬರ ಕೊಡುವ ಅಂಗಡಿಯವರೇ ಫೋನ್ ಮಾಡಿ ‘ನಿಮ್ಮ ಮಗ ಬಂದಿದ್ರು, ಐನೂರು ಕೊಟ್ಟೆ’ ಅಂದರು. ತಲೆ ಎತ್ತಲಾಗಲಿಲ್ಲ. ಮನೆತನಕ್ಕೆ ಒಪ್ಪುವ ಮಾತಾ ಇದು?
– ಒಬ್ಬ ತಂದೆ, ಸುಂಟಿಕೊಪ್ಪ

ಉತ್ತರ: ನಿಮ್ಮ ಮುಜುಗರ ನನಗೆ ಅರ್ಥವಾಗುತ್ತದೆ, ಸಣ್ಣ ಊರು, ಎಲ್ಲರಿಗೂ ಎಲ್ಲರೂ ಗೊತ್ತು. ಆದರೂ ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನೀವು ಕಾಫಿ ಮಾರುವಾಗ ಏನು ಮಾಡುತ್ತೀರಿ? 50 ಕೆ.ಜಿ. ಚೀಲದಿಂದ ವ್ಯಾಪಾರಿ ಒಂದು ಹಿಡಿ ಚೆರ್ರಿ (ಒಣಗಿಸಿದ ಹಣ್ಣು) ತೆಗೆದು, ಸಿಪ್ಪೆ ಬಿಡಿಸಿ, ತೂಗಿ, ಓಟಿ 26, ಅಂದರೆ ಚೀಲಕ್ಕೆ 26 ಕೆ.ಜಿ. ಬೀಜ, ಅನ್ನುತ್ತಾನೆ. ನೀವು 28 ಬರಬೇಕು ಅನ್ನುತ್ತೀರಿ. ಇನ್ನೊಂದು ಸಲ ತೂಗಿಸುತ್ತೀರಿ. ಒಪ್ಪದಿದ್ದರೆ ಪಕ್ಕದ ವ್ಯಾಪಾರಿಗೆ ಫೋನ್ ಮಾಡುತ್ತೀರಿ. ಅದರಲ್ಲಿ ಮಾನ ಹೋಗುವುದೇನಿದೆ? ನಿಮ್ಮ ಮಗ ಮಾರುತ್ತಿರುವುದು ಫೆಸ್ಟಿನ ಬ್ಯಾನರಿನಲ್ಲಿ ಒಂದು ಅಡಿ ಜಾಗ. ಅಂಗಡಿಯವರು ಕೊಡುವುದು ಜಾಹೀರಾತಿನ ಬೆಲೆ. ಬಿಬಿಎ ಪುಸ್ತಕದಲ್ಲಿ ಮಾರ್ಕೆಟಿಂಗ್ ಅಂತ ಇರುವುದು ಇದೇ. ಹತ್ತು ಅಂಗಡಿಯಲ್ಲಿ ಏಳು ಕಡೆ ‘ನಾಳೆ ಬಾ’ ಅನ್ನಿಸಿಕೊಂಡು ಬಂದ ಹುಡುಗ ತೋಟಕ್ಕೆ ವಾಪಸ್ಸಾದರೆ ನಿಮ್ಮ ಕರಿಮೆಣಸಿಗೆ ನಿಮಗಿಂತ ಒಳ್ಳೆ ಬೆಲೆ ತಂದಾನು.

ಕರಡ ಗ್ರಾಮದಲ್ಲಿ 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿಯನ್ನೇ ನೋಡಿ. ವರ್ಷಕ್ಕೊಂದು ಮನೆತನ ಮುಂದೆ ನಿಂತು ನಡೆಸುತ್ತದೆ. ಆ ಖರ್ಚಿಗೆ ದೊಡ್ಡ ದೊಡ್ಡವರೇ ಇನ್ನೊಬ್ಬರ ಬಾಗಿಲಿಗೆ ಹೋಗುತ್ತಾರೆ, ಯಾರೂ ಅದನ್ನು ಭಿಕ್ಷೆ ಅನ್ನುವುದಿಲ್ಲ.

ಆದರೆ ಗೊಬ್ಬರದ ಅಂಗಡಿಯ ವಿಷಯದಲ್ಲಿ ನಿಮ್ಮ ಬೇಸರ ಸರಿ. ಅಲ್ಲಿ ಅವನು ಬ್ಯಾನರ್ ಮಾರಲಿಲ್ಲ, ನಿಮ್ಮ ಹೆಸರು ಮಾರಿದ. ನಿಮ್ಮ ಜೊತೆ ವ್ಯವಹಾರ ಇರುವವರು ಇಲ್ಲ ಅನ್ನಲಾರರು, ಮನಸ್ಸಿನಲ್ಲಿ ಬೈದುಕೊಂಡು ಕೊಡುತ್ತಾರೆ. ನಿಮ್ಮ ಮುಖ ನೋಡಿ ಕೊಡುವ ಅಂಗಡಿಗಳನ್ನು ಬಿಟ್ಟು, ಗುರುತಿಲ್ಲದ ಕಡೆ ಹೋಗಿ ಕೇಳು ಅಂತ ಹೇಳಿ. ಕಷ್ಟ ಇರುವುದು ಅಲ್ಲೇ.

ಬೈಯುವ ಮೊದಲು ಅವನ ರಸೀದಿ ಪುಸ್ತಕ ತರಿಸಿ ನೋಡಿ. ಆ ಐನೂರಕ್ಕೆ ನಂಬರು ಇರುವ ರಸೀದಿ ಕೊಟ್ಟಿದ್ದಾನಾ, ಕಾರ್ಬನ್ ಇಟ್ಟು ಬರೆದಿದ್ದಾನಾ, ಹಿಂದಿನ ಹಾಳೆಯಲ್ಲಿ ಅಕ್ಷರ ಮೂಡಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ಮೂಡಿದ್ದರೆ ಏನೂ ಹೇಳಬೇಡಿ, ಒಂದು ಕಪ್ ಕಾಫಿ ಕೊಡಿಸಿ. ಮೂಡಿಲ್ಲದಿದ್ದರೆ ಹುಡುಗನನ್ನು ನನ್ನ ಹತ್ತಿರ ಕಳಿಸಿ.